ನಿನ್ನೆ ರಾತ್ರಿ ಚೆನ್ನಾಗಿಯೇ ಇತ್ತಲ್ಲ: ಪುಟ್ಟ ಸಾಕುಪ್ರಾಣಿಯ ಹಠಾತ್ ಸಾವು ಮತ್ತು ಸಾಕಿದವರ ಸಂಕಟ

ಹ್ಯಾಮ್‌ಸ್ಟರ್, ಗಿನಿಪಿಗ್, ಜರ್ಬಿಲ್, ಸಾಕಿದ ಇಲಿ ಹೀಗೆ ಯಾವುದೇ ಪುಟ್ಟ ಜೀವ ಇದ್ದಕ್ಕಿದ್ದಂತೆ ಸತ್ತಾಗ ಸಾಕಿದವರ ಬಾಯಿಂದ ಬರುವ ಮೊದಲ ಮಾತು ಬಹುತೇಕ ಒಂದೇ: "ನಿನ್ನೆ ರಾತ್ರಿ ಚೆನ್ನಾಗಿಯೇ ಇತ್ತಲ್ಲ." ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದರೊಳಗೆ ಎರಡು ಬೇರೆ ಸಂಗತಿಗಳು ಸಿಕ್ಕುಹಾಕಿಕೊಂಡಿವೆ. ಪ್ರಾಣಿಗೆ ಏನಾಗುತ್ತಿತ್ತು ಎಂಬುದು ಒಂದು. ನಮ್ಮ ಕಣ್ಣಿಗೆ ಏನು ಕಂಡಿತು ಎಂಬುದು ಇನ್ನೊಂದು. ಇಂಥ ಸಾವುಗಳಲ್ಲಿ ಬಹಳಷ್ಟು ಹಠಾತ್ತಾಗಿ ಕಾಣುತ್ತವೆಯೇ ಹೊರತು ಹಠಾತ್ತಾಗಿ ಆಗಿರುವುದಿಲ್ಲ. ಸಾಕಿದವರನ್ನು ವಾರಗಟ್ಟಲೆ ಕಾಡುವ ಅಪರಾಧಿ ಪ್ರಜ್ಞೆ ಹುಟ್ಟುವುದು ಹೆಚ್ಚಾಗಿ ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ. ಹಾಗಾಗಿ ಈ ಲೇಖನದಲ್ಲಿ ಸಮಾಧಾನದ ಮಾತಿಗಿಂತ ಪ್ರಾಣಿಯ ದೇಹದ ಮಾತೇ ಮೊದಲು ಬರುತ್ತದೆ.

ಅದಕ್ಕೂ ಮುಂಚೆ ಒಂದು ತುರ್ತು ವಿಷಯ.

ನಿಜವಾಗಿಯೂ ಸತ್ತಿದೆಯೇ?

ಸತ್ತಂತೆ ಬಿದ್ದಿರುವ ಹ್ಯಾಮ್‌ಸ್ಟರ್ ಸತ್ತೇ ಇರಬೇಕೆಂದಿಲ್ಲ. ಸಿರಿಯನ್ ಹ್ಯಾಮ್‌ಸ್ಟರ್ ತೀವ್ರ ಚಳಿಗೆ, ಕಡಿಮೆ ಬೆಳಕಿಗೆ ಸಿಕ್ಕಾಗ ಶಿಶಿರನಿದ್ರೆಗೆ ಜಾರಬಲ್ಲದು. ಎಚ್ಚರವಿದ್ದಾಗ ನಿಮಿಷಕ್ಕೆ 250ರಿಂದ 500 ಬಾರಿ ಬಡಿಯುವ ಹೃದಯ ಆಗ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಉಸಿರಾಟ ಎಷ್ಟು ವಿರಳವೆಂದರೆ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಕಾದು ಕುಳಿತವರು ಆಸೆ ಬಿಟ್ಟಿರುತ್ತಾರೆ. ಮೈ ಮುಟ್ಟಿದರೆ ಸುತ್ತಲಿನ ಗಾಳಿಯಷ್ಟೇ ತಣ್ಣಗಿರುತ್ತದೆ. ಸೈಬೀರಿಯಾ ಮೂಲದ ಕುಬ್ಜ ಹ್ಯಾಮ್‌ಸ್ಟರ್‌ನ ರೀತಿ ಬೇರೆ. ಹಗಲು ಚಿಕ್ಕದಾಗುವ ಕಾಲದಲ್ಲಿ ಅದು ದಿನಕ್ಕೆ ಕೆಲವು ಗಂಟೆ ಮಾತ್ರ ಮೈಯ ಬಿಸಿ ಇಳಿಸಿಕೊಂಡು ಜಡವಾಗಿ ಬಿದ್ದಿರುತ್ತದೆ, ಆಮೇಲೆ ತಾನಾಗಿ ಏಳುತ್ತದೆ. ಗಿನಿಪಿಗ್‌ಗೂ ಸಾಕಿದ ದೊಡ್ಡ ಇಲಿಗೂ ಈ ಸ್ವಭಾವವಿಲ್ಲ. ಅವು ತಣ್ಣಗೆ ಅಲುಗಾಡದೆ ಬಿದ್ದಿದ್ದರೆ ಅದನ್ನು ನಿದ್ರೆ ಎಂದುಕೊಂಡು ಕಾಯುವಂತಿಲ್ಲ.

ಹ್ಯಾಮ್‌ಸ್ಟರ್ ವಿಷಯದಲ್ಲಿ ಅನುಮಾನವಿದ್ದರೆ ಮೀಸೆಯ ಕೂದಲನ್ನೂ ಪಕ್ಕೆಯನ್ನೂ ಹಲವು ನಿಮಿಷ ಕಣ್ಣು ಕೀಳದೆ ನೋಡಬೇಕು. ಗೂಡನ್ನು ಬೆಚ್ಚಗಿನ ಕೋಣೆಗೆ ತಂದಿಟ್ಟು, ಅಥವಾ ಪ್ರಾಣಿಯನ್ನು ಅಂಗೈಯಲ್ಲಿ ಹಿಡಿದು, ನಿಧಾನವಾಗಿ ಬಿಸಿ ತಾಗಲು ಬಿಡಬೇಕು. ನಿದ್ರೆಯಲ್ಲಿರುವುದಾದರೆ ಸ್ವಲ್ಪ ಹೊತ್ತಿನಲ್ಲಿ ಮೈ ನಡುಗಲು ಶುರುವಾಗುತ್ತದೆ. ಬಿಸಿನೀರಿನಲ್ಲಿ ಇಳಿಸುವುದು, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಾಯಿಸುವುದು, ಪ್ರಜ್ಞೆಯಿಲ್ಲದ ಬಾಯಿಗೆ ಸಕ್ಕರೆ ನೀರು ಹಾಕುವುದು, ಈ ಮೂರೂ ಬೇಡ. ಮೊದಲ ಎರಡು ದೇಹಕ್ಕೆ ಆಘಾತ, ಮೂರನೆಯದು ಶ್ವಾಸಕೋಶಕ್ಕೆ ನೀರು. ಇದೇ ಹೊತ್ತಿನಲ್ಲಿ ಪಶುವೈದ್ಯರಿಗೆ ಕರೆ ಮಾಡುವುದು ಒಳ್ಳೆಯದು.

ಮೈ ಮರದ ತುಂಡಿನಂತೆ ಸೆಟೆದಿದ್ದರೆ, ಕಣ್ಣು ಮಂಕಾಗಿ ಒಳಗಿಳಿದಿದ್ದರೆ, ವಾಸನೆ ಬರುತ್ತಿದ್ದರೆ ಅನುಮಾನಕ್ಕೆ ಎಡೆಯಿಲ್ಲ. ಆದರೆ ಸೆಟೆದಿಲ್ಲವೆಂದ ಮಾತ್ರಕ್ಕೆ ಜೀವವಿದೆ ಎಂದು ಅರ್ಥವಲ್ಲ. ಇಷ್ಟು ಚಿಕ್ಕ ದೇಹಗಳಲ್ಲಿ ಸೆಟೆತ ಬೇಗ ಬಂದು ಬೇಗ ಬಿಟ್ಟುಹೋಗುತ್ತದೆ.

ಕಂಡದ್ದರ ಅರ್ಥ

ಸತ್ತ ಪ್ರಾಣಿಯನ್ನು ಮೊದಲು ಕಂಡ ದೃಶ್ಯ ಮನಸ್ಸಿನಲ್ಲಿ ಅಚ್ಚೊತ್ತಿ ಕೂರುತ್ತದೆ. ಆ ದೃಶ್ಯಕ್ಕೆ ನಾವು ಕೊಡುವ ಅರ್ಥ ಅನೇಕ ಸಲ ತಪ್ಪಾಗಿರುತ್ತದೆ. ಕಣ್ಣು ತೆರೆದೇ ಇತ್ತು, ಹೆದರಿ ಸತ್ತಿರಬೇಕು ಎನ್ನುತ್ತಾರೆ. ರೆಪ್ಪೆ ಮುಚ್ಚಲು ಸ್ನಾಯು ಕೆಲಸ ಮಾಡಬೇಕು, ಸಾವಿನಲ್ಲಿ ಸ್ನಾಯು ಸಡಿಲವಾಗುತ್ತದೆ, ಆದ್ದರಿಂದ ಕಣ್ಣು ತೆರೆದಿರುವುದು ಸಾಮಾನ್ಯ. ಮೂತ್ರ ಹೋಗಿರುವುದಕ್ಕೂ ಇದೇ ಕಾರಣ. ಇಲಿಯ ಮೂಗಿನ ಸುತ್ತ, ಕಣ್ಣಿನ ಸುತ್ತ ಕಂಡ ಕೆಂಪು ಕಲೆ ರಕ್ತವೇ ಆಗಿರಬೇಕೆಂದಿಲ್ಲ. ಇಲಿಗಳ ಕಣ್ಣಿನ ಹಿಂದಿನ ಗ್ರಂಥಿಯೊಂದು ಪಾರ್ಫಿರಿನ್ ಎಂಬ ಕೆಂಪು ವರ್ಣದ್ರವ್ಯವನ್ನು ಸ್ರವಿಸುತ್ತದೆ, ಕಾಯಿಲೆಯಲ್ಲಿ ಹಾಗೂ ಒತ್ತಡದಲ್ಲಿ ಅದು ಹೆಚ್ಚು ಹರಿಯುತ್ತದೆ. ಕಣ್ಣೆದುರೇ ಸತ್ತದ್ದಾದರೆ ಕೊನೆಯ ಏದುಸಿರು, ಕಾಲಿನ ಸೆಳೆತ ನೋಡಿದವರಿಗೆ ಅದು ಘೋರ ಸಂಕಟದಂತೆ ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಪ್ರಜ್ಞೆ ಹೋದ ಮೇಲೆ ಮೆದುಳುಕಾಂಡದಿಂದ ನಡೆಯುವ ಅನೈಚ್ಛಿಕ ಚಲನೆಗಳು. ಸಾಯುವ ಮುನ್ನ ನೋವೇ ಇರಲಿಲ್ಲ ಎಂದು ಯಾರೂ ಭರವಸೆ ಕೊಡಲಾಗದು. ಆದರೆ ನೀವು ನೋಡಿದ ಆ ಕೊನೆಯ ಅರ್ಧ ನಿಮಿಷ ನೋವಿನ ಅಳತೆಗೋಲಲ್ಲ.

ಇನ್ನೊಂದು ದೃಶ್ಯವಿದೆ. ಅದರ ಬಗ್ಗೆ ಜನ ಮಾತೇ ಆಡುವುದಿಲ್ಲ. ಜೊತೆಯಲ್ಲಿದ್ದ ಪ್ರಾಣಿ ಸತ್ತದ್ದರ ದೇಹವನ್ನು ಕಚ್ಚಿ ತಿಂದಿರುತ್ತದೆ. ಅದು ಕೊಂದಿತು ಎಂದೇ ಮನೆಯವರು ತೀರ್ಮಾನಿಸುತ್ತಾರೆ, ಉಳಿದ ಪ್ರಾಣಿಯನ್ನು ಮುಟ್ಟಲೂ ಅಸಹ್ಯಪಡುತ್ತಾರೆ. ಇಲಿ ಮತ್ತು ಹ್ಯಾಮ್‌ಸ್ಟರ್‌ಗಳಲ್ಲಿ ಸತ್ತ ದೇಹವನ್ನು ತಿನ್ನುವುದು ಸಹಜ ವರ್ತನೆ. ಕೊಳೆಯುವ ದೇಹದ ವಾಸನೆ ಬೇಟೆಗಾರ ಪ್ರಾಣಿಗಳನ್ನು ಸೆಳೆಯುತ್ತದೆ, ಕಾಡಿನಲ್ಲಿ ಅದು ಉಳಿದವುಗಳ ಜೀವಕ್ಕೆ ಅಪಾಯ. ಕಾದಾಟದಿಂದಲೂ ಸಾವು ಬರುವುದುಂಟು, ಅದರಲ್ಲೂ ಬೆಳೆದ ಸಿರಿಯನ್ ಹ್ಯಾಮ್‌ಸ್ಟರ್‌ಗಳನ್ನು ಒಟ್ಟಿಗೆ ಇಟ್ಟಿದ್ದರೆ. ಆಗ ಬದುಕಿರುವುದರ ಮೈಮೇಲೂ ಗಾಯಗಳಿರುವ ಸಾಧ್ಯತೆ ಹೆಚ್ಚು. ಅಂಥ ಗುರುತೇನೂ ಇಲ್ಲದಿದ್ದರೆ, ಸತ್ತ ಮೇಲೆ ಕಚ್ಚಿತು ಎನ್ನುವುದೇ ಹೆಚ್ಚು ಸಂಭವನೀಯ.

ಸಾವಿನ ಕಾರಣ ತಿಳಿಯಲೇಬೇಕು ಎನ್ನುವವರು ಬೇಗ ನಿರ್ಧಾರ ಮಾಡಬೇಕಾಗುತ್ತದೆ. ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸುವುದಾದರೆ ದೇಹವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರಿಜ್ಜಿನಲ್ಲಿ, ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು, ಆಹಾರದಿಂದ ದೂರ. ಫ್ರೀಜರಿನಲ್ಲಿ ಇಡಬಾರದು. ಹೆಪ್ಪುಗಟ್ಟಿದ ನೀರಿನ ಹರಳುಗಳು ಜೀವಕೋಶಗಳನ್ನು ಒಡೆಯುವುದರಿಂದ ಸೂಕ್ಷ್ಮದರ್ಶಕದಲ್ಲಿ ನೋಡಲು ಏನೂ ಉಳಿಯುವುದಿಲ್ಲ. ಒಂದು ದಿನದೊಳಗೆ ಒಯ್ದರೆ ಒಳ್ಳೆಯದು, ಏಕೆಂದರೆ ಇವುಗಳ ಕರುಳು ಬಹಳ ಬೇಗ ಕೊಳೆಯುತ್ತದೆ. ಜೊತೆಗೆ ಬೇರೆ ಪ್ರಾಣಿಗಳಿದ್ದರೆ ಈ ಪರೀಕ್ಷೆ ಮಾಡಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಒಂಟಿಯಾಗಿದ್ದ ಪ್ರಾಣಿಯಾದರೆ ಅದು ಮನಸ್ಸಿನ ಪ್ರಶ್ನೆ. ಕೆಲವರಿಗೆ ಉತ್ತರ ಸಿಕ್ಕರೆ ನೆಮ್ಮದಿ. ಕೆಲವರಿಗೆ ಅದೇ ಉತ್ತರ ಮತ್ತೊಂದು ಮುಳ್ಳು. ಪರೀಕ್ಷೆ ಮಾಡಿದರೂ ಕಾರಣ ಸಿಗದೇ ಹೋಗಬಹುದು ಎಂಬುದು ಮೊದಲೇ ಗೊತ್ತಿರಲಿ.

ರೋಗ ಬಚ್ಚಿಡುವ ದೇಹ

ಈಗ ಮುಖ್ಯ ಪ್ರಶ್ನೆ: ಯಾಕೆ ಏನೂ ಕಾಣಲಿಲ್ಲ?

ಈ ಪ್ರಾಣಿಗಳೆಲ್ಲ ಇನ್ನೊಬ್ಬರ ಆಹಾರವಾಗಿ ಲಕ್ಷಾಂತರ ವರ್ಷ ಬದುಕಿದವು. ಗೂಬೆ, ಹಾವು, ನರಿಗಳ ಕಣ್ಣು ಮೊದಲು ಹುಡುಕುವುದು ಕುಂಟುವುದನ್ನು, ಹಿಂದೆ ಬೀಳುವುದನ್ನು. ಕಾಯಿಲೆಯನ್ನು ತೋರಿಸಿಕೊಂಡವು ಬೇಗ ಸತ್ತವು, ಬಚ್ಚಿಟ್ಟುಕೊಂಡವು ಮರಿ ಹಾಕಿದವು. ಹಾಗಾಗಿ ಮನೆಯ ಗೂಡಿನಲ್ಲಿ ಯಾವ ಭಯವೂ ಇಲ್ಲದೆ ಬೆಳೆದ ಗಿನಿಪಿಗ್ ಕೂಡ ನೋವಿದ್ದರೂ ಆಹಾರದ ಬಟ್ಟಲಿನ ಬಳಿ ಬಂದು ನಿಲ್ಲುತ್ತದೆ, ತಿನ್ನುವಂತೆ ತೋರುತ್ತದೆ. ದೇಹಕ್ಕೆ ಇನ್ನು ಬಚ್ಚಿಡಲು ಶಕ್ತಿಯೇ ಇಲ್ಲವಾದಾಗ ಮಾತ್ರ ನಮಗೆ ತಿಳಿಯುತ್ತದೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ: ಹ್ಯಾಮ್‌ಸ್ಟರ್, ಇಲಿಗಳು ರಾತ್ರಿ ಚುರುಕಾಗಿರುವವು. ಅವುಗಳ ದಿನದ ಬಹುಭಾಗ ನಾವು ನಿದ್ರಿಸುವಾಗ ಕಳೆದುಹೋಗುತ್ತದೆ, ನಾವು ನೋಡುವಾಗ ಅವು ಮಲಗಿರುತ್ತವೆ. ಮಲಗಿರುವ ಆರೋಗ್ಯವಂತ ಹ್ಯಾಮ್‌ಸ್ಟರ್‌ಗೂ ಮಲಗಿರುವ ಕಾಯಿಲೆಯ ಹ್ಯಾಮ್‌ಸ್ಟರ್‌ಗೂ ವ್ಯತ್ಯಾಸ ಕಂಡುಹಿಡಿಯಲು ಅನುಭವಿ ವೈದ್ಯರಿಗೂ ಕಷ್ಟ.

ಎರಡನೆಯದು ಗಾತ್ರ. ಕುಬ್ಜ ಹ್ಯಾಮ್‌ಸ್ಟರ್‌ನ ತೂಕ 30ರಿಂದ 50 ಗ್ರಾಂ. ಮೈ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಅಂದರೆ ಬಿಸಿ ಬೇಗ ಸೋರಿಹೋಗುತ್ತದೆ. ಆ ಬಿಸಿ ಉಳಿಸಿಕೊಳ್ಳಲು ಅವು ಸದಾ ತಿನ್ನುತ್ತಿರಬೇಕು. ಮನುಷ್ಯನೊಬ್ಬ ಭೇದಿ ಹತ್ತಿ ಎರಡು ದಿನ ಊಟ ಬಿಟ್ಟರೆ ಸುಸ್ತಾಗುತ್ತಾನೆ. ಅದೇ ಎರಡು ದಿನ ಹ್ಯಾಮ್‌ಸ್ಟರ್ ಪಾಲಿಗೆ ಇಡೀ ಕಾಯಿಲೆಯ ಆರಂಭ, ಮಧ್ಯ, ಕೊನೆ. ಸಿರಿಯನ್ ಹ್ಯಾಮ್‌ಸ್ಟರ್‌ನ ಆಯುಷ್ಯ ಎರಡರಿಂದ ಮೂರು ವರ್ಷ, ಸಾಕಿದ ದೊಡ್ಡ ಇಲಿಯದೂ ಅಷ್ಟೇ, ಚಿಟ್ಟಿಲಿಗೆ ಒಂದರಿಂದ ಎರಡು. ಜರ್ಬಿಲ್ ಮೂರು ನಾಲ್ಕು ವರ್ಷ, ಗಿನಿಪಿಗ್ ಐದರಿಂದ ಎಂಟು ವರ್ಷ ಬದುಕುತ್ತದೆ. ಚಿಂಚಿಲ್ಲಾ ಮಾತ್ರ ಇವುಗಳಲ್ಲಿ ದೀರ್ಘಾಯು, ಹತ್ತು ದಾಟಿ ಇಪ್ಪತ್ತರವರೆಗೂ ಹೋಗುವುದುಂಟು. ಎರಡು ವರ್ಷದ ಹ್ಯಾಮ್‌ಸ್ಟರ್ ನೋಡಲು ಮರಿಯಂತೆಯೇ ಇರುತ್ತದೆ. ಮುಖ ಸುಕ್ಕಾಗುವುದಿಲ್ಲ, ಬೆನ್ನು ಬಾಗುವುದು ತುಪ್ಪಳದಡಿ ಕಾಣುವುದಿಲ್ಲ. ಅದು ಮುದಿಯಾಗಿತ್ತು ಎಂಬುದನ್ನು ನಮ್ಮ ಕಣ್ಣು ಒಪ್ಪುವುದೇ ಇಲ್ಲ.

ಇನ್ನು ನಿರ್ದಿಷ್ಟ ಕಾರಣಗಳು. ವಯಸ್ಸಾದ ಹ್ಯಾಮ್‌ಸ್ಟರ್‌ಗಳಲ್ಲಿ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟುವುದು ಸಾಮಾನ್ಯ. ಹೊರಗೆ ಕಾಣುವುದು ಹೆಚ್ಚೆಂದರೆ ಸ್ವಲ್ಪ ವೇಗದ ಉಸಿರು. ಎಳೆಯ ಹ್ಯಾಮ್‌ಸ್ಟರ್‌ಗಳನ್ನು ಕೊಲ್ಲುವುದು ಬೇರೆಯದು: ಬಾಲ ಮತ್ತು ಹಿಂಭಾಗ ಒದ್ದೆಯಾಗುವ ತೀವ್ರ ಭೇದಿ. ಲಾಸೋನಿಯಾ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಮುಖ್ಯ ಕಾರಣ. ಸ್ಥಳ ಬದಲಾವಣೆಯ ಒತ್ತಡದಲ್ಲಿ ಉಲ್ಬಣಿಸಿ ಎರಡು ಮೂರು ದಿನಗಳಲ್ಲಿ ಪ್ರಾಣ ತೆಗೆಯುತ್ತದೆ. ಮನೆಗೆ ತಂದ ವಾರದೊಳಗೆ ಸತ್ತ ಮರಿ ಎಷ್ಟೋ ಸಲ ಕಾಯಿಲೆಯನ್ನು ಹೊತ್ತುಕೊಂಡೇ ಬಂದಿರುತ್ತದೆ. ತಂದವರು ಮಾತ್ರ ತಾವೇ ಏನೋ ತಪ್ಪು ಮಾಡಿದೆವೆಂದು ಕೊರಗುತ್ತಾರೆ. ಇಲಿಗಳಲ್ಲಿ ಮೈಕೋಪ್ಲಾಸ್ಮಾ ಸೋಂಕು ಬಹಳ ವ್ಯಾಪಕ. ಅದು ಶ್ವಾಸಕೋಶವನ್ನು ತಿಂಗಳುಗಟ್ಟಲೆ ಸದ್ದಿಲ್ಲದೆ ಹಾಳುಮಾಡಿ ಒಂದು ದಿನ ಒಮ್ಮೆಲೇ ಕೈಕೊಡುತ್ತದೆ. ಗಿನಿಪಿಗ್‌ಗೆ ಕರುಳಿನ ಚಲನೆ ನಿಂತುಹೋಗುವುದು, ಹೊಟ್ಟೆ ಗಾಳಿ ತುಂಬಿ ಉಬ್ಬುವುದು ಗಂಟೆಗಳ ಲೆಕ್ಕದ ಕಾಯಿಲೆಗಳು. ಹೆಣ್ಣು ಗಿನಿಪಿಗ್ ಮೊದಲ ಬಾರಿಗೆ ತಡವಾಗಿ ಗರ್ಭ ಧರಿಸಿದರೆ, ಅಷ್ಟರಲ್ಲಿ ಸೊಂಟದ ಮುಂಭಾಗದ ಮೂಳೆಗಳು ಬಿಗಿದುಕೊಂಡಿರುವುದರಿಂದ ಹೆರಿಗೆಯೇ ಮಾರಕವಾಗುತ್ತದೆ.

ತಪ್ಪು ಇದ್ದಾಗ, ಇಲ್ಲದಾಗ

ಇಲ್ಲಿಯವರೆಗಿನ ಮಾತು ಕೇಳಿದ ಮೇಲೂ "ಆದರೆ ಮೊನ್ನೆ ಅದು ಸ್ವಲ್ಪ ಕಡಿಮೆ ತಿಂದಿತ್ತು, ನಾನು ಗಮನಿಸಬೇಕಿತ್ತು" ಎಂಬ ಮಾತು ಬಂದೇ ಬರುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಗಾದೆಯೇ ಇದೆ. ಇದನ್ನು ಮನಶ್ಶಾಸ್ತ್ರ ಪ್ರಯೋಗದಿಂದಲೂ ತೋರಿಸಿದೆ. 1975ರಲ್ಲಿ ಬರೂಕ್ ಫಿಶಾಫ್ ಎಂಬ ಮನಶ್ಶಾಸ್ತ್ರಜ್ಞ 19ನೆಯ ಶತಮಾನದ ಬ್ರಿಟಿಷ್–ಗೂರ್ಖಾ ಸಂಘರ್ಷದ ವಿವರವನ್ನು ಜನರಿಗೆ ಓದಲು ಕೊಟ್ಟರು. ಕೆಲವರಿಗೆ ಫಲಿತಾಂಶ ಹೇಳಲಿಲ್ಲ. ಉಳಿದವರಿಗೆ ಹೇಳಿದರು, ಆದರೆ ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ಫಲಿತಾಂಶ. ತಮಗೆ ಹೇಳಿದ ಫಲಿತಾಂಶ ಯಾವುದೇ ಇರಲಿ, ವಿವರ ಓದಿದರೆ ಅದೇ ಆಗುವ ಸಂಭವ ಹೆಚ್ಚೆಂದು ಅವರಿಗೆ ತೋರಿತು. ಅಂತ್ಯ ಗೊತ್ತಾದ ಮೇಲೆ ಅದಕ್ಕೆ ಹೊಂದುವ ಸುಳಿವುಗಳು ದಪ್ಪ ಅಕ್ಷರದಲ್ಲಿ ಕಾಣತೊಡಗುತ್ತವೆ. ಮೊನ್ನೆ ಕಡಿಮೆ ತಿಂದದ್ದು ಇಂದು ಎದ್ದುಕಾಣುತ್ತಿದೆ. ಹಿಂದೆ ಎಷ್ಟೋ ಸಲ ಹಾಗೆಯೇ ಕಡಿಮೆ ತಿಂದು ಮರುದಿನ ಎಂದಿನಂತೆ ಓಡಾಡಿದ್ದು ಯಾವುದೂ ನೆನಪಿಗೆ ಬರುವುದಿಲ್ಲ. ನಿಮ್ಮನ್ನು ನೀವು ವಿಚಾರಣೆಗೆ ನಿಲ್ಲಿಸುವುದಾದರೆ ಆ ಸಂಜೆ ನಿಮಗೆ ಏನು ಗೊತ್ತಿತ್ತೋ ಅಷ್ಟನ್ನೇ ಸಾಕ್ಷಿಯಾಗಿ ಇಟ್ಟುಕೊಳ್ಳಬೇಕು.

ಆದರೆ "ನಿಮ್ಮ ತಪ್ಪೇನೂ ಇಲ್ಲ" ಎಂದು ಎಲ್ಲರಿಗೂ ಒಂದೇ ಮಾತಿನಲ್ಲಿ ಹೇಳಿಬಿಡುವವರನ್ನು ನಾನು ನಂಬುವುದಿಲ್ಲ. ಕೆಲವು ಸಾವುಗಳು ನಮ್ಮ ಕೈಯಿಂದಲೇ ಆಗುತ್ತವೆ. ಕೈಯಿಂದ ಜಾರಿ ನೆಲಕ್ಕೆ ಬಿದ್ದದ್ದು, ಬಾಗಿಲ ಸಂದಿಗೆ ಸಿಕ್ಕದ್ದು, ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟ ಗೂಡು. ಚಿಂಚಿಲ್ಲಾದ ದಟ್ಟ ತುಪ್ಪಳಕ್ಕೆ 27 ಡಿಗ್ರಿ ದಾಟಿದ ಬಿಸಿಯೇ ಅಪಾಯ. ಗಿನಿಪಿಗ್ ಮನುಷ್ಯರಂತೆಯೇ ತನ್ನ ದೇಹದಲ್ಲಿ ಸಿ ಜೀವಸತ್ವ ತಯಾರಿಸಿಕೊಳ್ಳಲಾರದು, ಆಹಾರದಲ್ಲಿ ಅದು ಸಿಗದಿದ್ದರೆ ವಾರಗಳಲ್ಲಿ ಕುಗ್ಗುತ್ತದೆ. ಮನುಷ್ಯರಿಗೆ, ನಾಯಿಗೆ ದಿನನಿತ್ಯ ಕೊಡುವ ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಗುಂಪಿನ ಔಷಧವನ್ನು ಗಿನಿಪಿಗ್, ಹ್ಯಾಮ್‌ಸ್ಟರ್, ಚಿಂಚಿಲ್ಲಾಗಳಿಗೆ ಬಾಯಿಯ ಮೂಲಕ ಕೊಟ್ಟರೆ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳು ಸತ್ತು, ವಿಷಕಾರಿಯಾದವು ಹೆಚ್ಚಿ, ಪ್ರಾಣಿಯೇ ಸಾಯಬಹುದು. ಕಾಪಾಡಲೆಂದು ಕೊಟ್ಟದ್ದೇ ಕೊಲ್ಲುತ್ತದೆ. ಇದಕ್ಕಿಂತ ಕಹಿಯಾದದ್ದು ಬೇರೆ ಇರಲಾರದು.

ಹೀಗೇನಾದರೂ ಆಗಿದ್ದರೆ ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಮೂರು ಪದಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡರೆ ಸಾಕು: ಗೊತ್ತಿಲ್ಲದಿರುವುದು, ಅಜಾಗ್ರತೆ, ಕ್ರೌರ್ಯ. ಕೊರಗುತ್ತಿರುವವರು ತಮ್ಮನ್ನು ಮೂರನೆಯದರಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಅವರು ನಿಜವಾಗಿ ಇರುವುದು ಮೊದಲನೆಯದರಲ್ಲಿ, ಅಪರೂಪಕ್ಕೆ ಎರಡನೆಯದರಲ್ಲಿ. ಕ್ರೂರಿಗಳು ಈ ಬಗೆಯ ಲೇಖನ ಹುಡುಕಿಕೊಂಡು ಬರುವುದಿಲ್ಲ. ಏನಾಯಿತು ಎಂಬುದನ್ನು ಒಂದು ಹಾಳೆಯಲ್ಲಿ ಸುಮ್ಮನೆ ವರದಿಯಂತೆ ಬರೆದಿಡುವುದು ಹಲವರಿಗೆ ಸಹಾಯ ಮಾಡುತ್ತದೆ: ಯಾವಾಗ ಏನು ಕಂಡಿತು, ಆಗ ಏನು ಗೊತ್ತಿತ್ತು, ಮುಂದೆ ಏನು ಬದಲಾಗಬೇಕು. ತಲೆಯೊಳಗೆ ಸುತ್ತುತ್ತಲೇ ಇರುವ ಯೋಚನೆಗೆ ಹಾಳೆಯ ಮೇಲೆ ಒಂದು ಕೊನೆ ಸಿಗುತ್ತದೆ.

"ಇಲಿ ತಾನೆ?"

ಸತ್ತದ್ದು ನಾಯಿಯಾಗಿದ್ದರೆ ಅಕ್ಕಪಕ್ಕದವರು ಬಂದು ಮಾತಾಡಿಸುತ್ತಾರೆ. ಹ್ಯಾಮ್‌ಸ್ಟರ್ ಆದರೆ "ಇಲಿ ತಾನೆ, ಇನ್ನೊಂದು ತಂದರಾಯಿತು" ಎನ್ನುತ್ತಾರೆ. ಹೀಗೆ ಹೇಳುವವರು ಕೆಟ್ಟವರಲ್ಲ, ಅವರ ಲೆಕ್ಕದಲ್ಲಿ ದುಃಖ ಎಂಬುದು ತೂಕಕ್ಕೂ ಬೆಲೆಗೂ ತಕ್ಕಂತೆ ಇರಬೇಕು. ಸಮಾಜ ಗುರುತಿಸದ, ಬಹಿರಂಗವಾಗಿ ಪಡಲು ಹಕ್ಕಿಲ್ಲದ ದುಃಖ ಎಂಬ ಪರಿಕಲ್ಪನೆಯನ್ನು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ ಮಂಡಿಸಿದರು. ಸಾಕುಪ್ರಾಣಿಯ ಸಾವು ಆ ಬಗೆಯ ದುಃಖಕ್ಕೆ ಒಳ್ಳೆಯ ಉದಾಹರಣೆ, ಅದರಲ್ಲೂ ಚಿಕ್ಕ ಪ್ರಾಣಿಯದು ಇನ್ನೂ ಹೆಚ್ಚು. ಇಲ್ಲಿ ನೋವು ಎರಡು ಪಟ್ಟಾಗುತ್ತದೆ: ಕಳೆದುಕೊಂಡದ್ದಕ್ಕೆ ಒಂದು, ಇಷ್ಟಕ್ಕೆಲ್ಲ ಅಳುತ್ತಿದ್ದೇನಲ್ಲ ಎಂಬ ನಾಚಿಕೆಗೆ ಇನ್ನೊಂದು.

ದುಃಖ ಹುಟ್ಟುವುದು ಪ್ರಾಣಿಯ ಗಾತ್ರದಿಂದಲ್ಲ, ಅದರೊಂದಿಗೆ ಹೆಣೆದುಕೊಂಡ ದಿನಚರಿಯಿಂದ. ಚಿಕ್ಕ ಪ್ರಾಣಿ ಪೂರ್ತಿಯಾಗಿ ನಮ್ಮನ್ನೇ ಅವಲಂಬಿಸಿರುತ್ತದೆ. ಬೆಕ್ಕು ಹಸಿದರೆ ಹೊರಗೆ ಹೋಗಿ ಏನಾದರೂ ಹುಡುಕಬಹುದು, ಗೂಡಿನಲ್ಲಿರುವ ಜರ್ಬಿಲ್‌ಗೆ ಆ ದಾರಿಯಿಲ್ಲ. ನೀರು ತುಂಬಿಸುವುದು, ಹಾಸು ಬದಲಿಸುವುದು, ಮಲಗುವ ಮುನ್ನ ಒಮ್ಮೆ ಇಣುಕಿ ನೋಡುವುದು. ಇಂಥ ಸಣ್ಣ ಕೆಲಸಗಳು ದಿನಕ್ಕೆ ಎಷ್ಟು ಬಾರಿ ಇದ್ದವು ಎಂಬುದು ಅವು ನಿಂತ ಮೇಲೆಯೇ ತಿಳಿಯುವುದು. ಒಂಟಿಯಾಗಿ ಬದುಕುವವರಿಗೆ, ಕಾಯಿಲೆಯಿಂದ ಮನೆಯಲ್ಲೇ ಇರುವವರಿಗೆ ಆ ಕೆಲಸಗಳೇ ದಿನದ ಗೂಟಗಳಾಗಿರುತ್ತವೆ. ರಾತ್ರಿ ಚಕ್ರ ತಿರುಗುವ ಸದ್ದು ಕೇಳಿಸಿದಂತಾಗುವುದೂ ಸಾಮಾನ್ಯ. ಕಿವಿ ನಿರೀಕ್ಷಿಸುವುದನ್ನು ಮೆದುಳು ಕೆಲವು ಕಾಲ ಒದಗಿಸುತ್ತಲೇ ಇರುತ್ತದೆ. ಅದು ತಲೆ ಕೆಟ್ಟ ಲಕ್ಷಣವಲ್ಲ.

ದುಃಖಕ್ಕೆ ಐದು ಹಂತಗಳಿವೆ, ನಿರಾಕರಣೆ, ಕೋಪ ಇತ್ಯಾದಿ ದಾಟಿ ಕೊನೆಗೆ ಒಪ್ಪಿಕೊಳ್ಳುವಿಕೆ ಬರುತ್ತದೆ ಎಂಬುದು ಎಲ್ಲೆಡೆ ಹರಿದಾಡುವ ಮಾತು. ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಈ ಹಂತಗಳನ್ನು ವಿವರಿಸಿದ್ದು ಸ್ವತಃ ಸಾವಿನ ಅಂಚಿನಲ್ಲಿದ್ದ ರೋಗಿಗಳ ಬಗ್ಗೆ, ಅವರನ್ನು ಕಳೆದುಕೊಂಡವರ ಬಗ್ಗೆ ಅಲ್ಲ. ನಿಮ್ಮ ದುಃಖ ಆ ಮೆಟ್ಟಿಲುಗಳನ್ನು ಹತ್ತದಿದ್ದರೆ ಚಿಂತೆ ಬೇಡ. ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ಚಿತ್ರಣ ಬದುಕಿಗೆ ಹೆಚ್ಚು ಹತ್ತಿರವಾಗಿದೆ: ಮನಸ್ಸು ಕಳೆದುಕೊಂಡದ್ದರ ಕಡೆಗೂ ಮುಂದಿನ ಬದುಕಿನ ಕಡೆಗೂ ಹಿಂದೆ ಮುಂದೆ ತೂಗುತ್ತಿರುತ್ತದೆ. ಬೆಳಿಗ್ಗೆ ಅತ್ತು ಮಧ್ಯಾಹ್ನ ಗೆಳೆಯರೊಂದಿಗೆ ನಕ್ಕರೆ ಅದು ಪ್ರಾಣಿಗೆ ಮಾಡಿದ ದ್ರೋಹವಲ್ಲ. ಹಠಾತ್ ಸಾವಿನಲ್ಲಿ ವಿದಾಯ ಹೇಳಲು ಅವಕಾಶವೇ ಸಿಕ್ಕಿರುವುದಿಲ್ಲವಾದ್ದರಿಂದ, ಅದನ್ನು ಆಮೇಲೆಯಾದರೂ ಮಾಡುವುದರಲ್ಲಿ ಅರ್ಥವಿದೆ. ಕಾಗದ ಬರೆಯಿರಿ, ಚಿತ್ರಗಳನ್ನು ಒಂದೆಡೆ ಸೇರಿಸಿ, ಮಣ್ಣು ಮಾಡುವಾಗ ಹೆಸರು ಹಿಡಿದು ಕರೆಯಿರಿ. ಯಾರಿಗೆ ಹೇಳಿಕೊಳ್ಳಬೇಕು ಎಂಬುದರಲ್ಲಿ ಮಾತ್ರ ಆಯ್ಕೆ ಇರಲಿ. ಇಂಥ ಪ್ರಾಣಿ ಸಾಕಿದ ಒಬ್ಬರು, ಸಾಕದ ಹತ್ತು ಜನರಿಗಿಂತ ಮೇಲು. ವಾರಗಳು ಕಳೆದರೂ ನಿದ್ರೆ, ಊಟ, ಕೆಲಸ ಹಳಿಗೆ ಬಾರದಿದ್ದರೆ, ಬದುಕುವುದೇ ಬೇಡವೆನಿಸಿದರೆ, ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕಾಣಬೇಕು. ಸತ್ತದ್ದು ಹ್ಯಾಮ್‌ಸ್ಟರ್ ಎಂಬ ಸಂಕೋಚಕ್ಕೆ ಅಲ್ಲಿ ಜಾಗವಿಲ್ಲ. ಎಷ್ಟೋ ಸಲ ಚಿಕ್ಕ ಸಾವೊಂದು ಹಳೆಯ ದೊಡ್ಡ ಸಾವಿನ ಗಾಯವನ್ನು ತೆರೆದಿರುತ್ತದೆ.

ಮಗುವಿಗೆ ಹೇಳುವಾಗ

ಅನೇಕ ಮಕ್ಕಳು ಬದುಕಿನಲ್ಲಿ ನೋಡುವ ಮೊದಲ ಸಾವು ಇಂಥದ್ದೇ. ಸಾವೆಂದರೆ ಮರಳಿ ಬಾರದ್ದು, ದೇಹದ ಕೆಲಸವೆಲ್ಲ ನಿಂತುಹೋಗುವಂಥದ್ದು, ಎಲ್ಲ ಜೀವಿಗಳಿಗೂ ಬರುವಂಥದ್ದು. ಇವು ಮೂರೂ ಬಹುತೇಕ ಮಕ್ಕಳಿಗೆ ಐದರಿಂದ ಏಳು ವರ್ಷದ ಹೊತ್ತಿಗೆ ಹಂತಹಂತವಾಗಿ ಅರ್ಥವಾಗುತ್ತವೆ. ಅದಕ್ಕೂ ಚಿಕ್ಕವರು ಇವತ್ತು ಅತ್ತು ನಾಳೆ "ಅದು ಯಾವಾಗ ಏಳುತ್ತದೆ" ಎಂದು ಕೇಳುತ್ತಾರೆ. ಅಂಥ ಮಗುವಿಗೆ "ಮಲಗಿದೆ" ಎಂದರೆ ರಾತ್ರಿ ತಾನು ಮಲಗಲು ಹೆದರುತ್ತದೆ, "ದೂರ ಹೋಗಿದೆ" ಎಂದರೆ ಬಾಗಿಲು ಕಾಯುತ್ತದೆ. "ಸತ್ತುಹೋಯಿತು. ಅದರ ಮೈ ಕೆಲಸ ಮಾಡುವುದನ್ನು ನಿಲ್ಲಿಸಿತು. ಇನ್ನು ಅದಕ್ಕೆ ನೋವಾಗುವುದಿಲ್ಲ, ಹಸಿವಾಗುವುದಿಲ್ಲ, ವಾಪಸು ಬರುವುದಿಲ್ಲ" ಎಂಬ ನೇರ ಮಾತೇ ಒಳ್ಳೆಯದು. ನಾನು ಬೈದದ್ದಕ್ಕೆ ಸತ್ತಿತೇ ಎಂಬ ಪ್ರಶ್ನೆ ಮಗುವಿನ ಬಾಯಿಗೆ ಬಾರದಿದ್ದರೂ ಮನಸ್ಸಿನಲ್ಲಿರುತ್ತದೆ. ಕೇಳದಿದ್ದರೂ ಉತ್ತರ ಕೊಟ್ಟುಬಿಡಿ.

ಮಗು ಶಾಲೆಯಿಂದ ಬರುವಷ್ಟರಲ್ಲಿ ಅದೇ ಬಣ್ಣದ ಇನ್ನೊಂದನ್ನು ತಂದಿಡುವ ಉಪಾಯವನ್ನು ದಯವಿಟ್ಟು ಮಾಡಬೇಡಿ. ಮಕ್ಕಳು ಕಿವಿಯ ಅಂಚಿನ ಮಚ್ಚೆಯನ್ನೂ ಬಲ್ಲವರು. ಸಿಕ್ಕಿಬಿದ್ದ ದಿನ ಅವರಿಗೆ ಪ್ರಾಣಿಯ ಸಾವಿಗಿಂತ ನಿಮ್ಮ ಸುಳ್ಳೇ ಹೆಚ್ಚು ನೋಯಿಸುತ್ತದೆ.

ಉಳಿದದ್ದು, ದೇಹ, ಗೂಡು

ಗಿನಿಪಿಗ್, ಇಲಿ, ಜರ್ಬಿಲ್‌ಗಳು ಗುಂಪಿನ ಜೀವಿಗಳು. ಸ್ವಿಟ್ಜರ್‌ಲೆಂಡಿನಲ್ಲಿ 2008ರಿಂದ ಗಿನಿಪಿಗ್‌ನಂಥ ಸಂಗಜೀವಿಗಳನ್ನು ಒಂಟಿಯಾಗಿ ಸಾಕುವುದೇ ಕಾನೂನಿಗೆ ವಿರುದ್ಧ. ಜೊತೆಗಾರ ಸತ್ತಾಗ, ಸೋಂಕಿನ ಶಂಕೆ ಇಲ್ಲದಿದ್ದರೆ, ಉಳಿದದ್ದಕ್ಕೆ ಸ್ವಲ್ಪ ಹೊತ್ತು ದೇಹವನ್ನು ಮೂಸಲು ಬಿಡುವವರಿದ್ದಾರೆ. ಹಾಗೆ ಮಾಡಿದರೆ ಅದು ಹುಡುಕಾಡುವುದು ಕಡಿಮೆ ಎಂಬುದು ಅವರ ಅನುಭವ. ಮುಖ್ಯವಾದದ್ದು ಅದರ ಊಟ. ಗಿನಿಪಿಗ್ ಒಂದು ದಿನ ತಿನ್ನದೇ ಇದ್ದರೆ ಕರುಳು ನಿಲ್ಲುವ ಅಪಾಯವಿದೆ, ಅಷ್ಟು ಹೊತ್ತು ಕಾಯದೆ ವೈದ್ಯರ ಬಳಿ ಒಯ್ಯಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮೊದಲ ಎರಡು ವಾರ ದಿನವೂ, ಆಮೇಲೆ ವಾರಕ್ಕೊಮ್ಮೆ ತೂಗಿ ಬರೆದಿಡಿ. ಹತ್ತರಲ್ಲಿ ಒಂದು ಪಾಲು ತೂಕ ಇಳಿದರೆ ಅದು ಎಚ್ಚರಿಕೆ. ರೋಗ ಬಚ್ಚಿಡುವ ಪ್ರಾಣಿಗೂ ತೂಕವನ್ನು ಬಚ್ಚಿಡಲು ಬರುವುದಿಲ್ಲ.

ದೇಹವನ್ನು ಕೈಗವಸು ಹಾಕಿ ಮುಟ್ಟಿ, ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ, ಎಲ್‌ಸಿಎಂವಿ ಎಂಬ ವೈರಾಣು ಈ ಪ್ರಾಣಿಗಳಿಂದ ಮನುಷ್ಯರಿಗೆ ದಾಟಬಲ್ಲವು. ಈ ವೈರಾಣು ಗರ್ಭದಲ್ಲಿರುವ ಶಿಶುವಿಗೆ ಅಪಾಯಕಾರಿ, ಆದ್ದರಿಂದ ಗರ್ಭಿಣಿಯರು ಈ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಹೂಳುವುದಾದರೆ ಪ್ಲಾಸ್ಟಿಕ್ ಬೇಡ, ಬಟ್ಟೆಯಲ್ಲೋ ಕಾಗದದ ಪೆಟ್ಟಿಗೆಯಲ್ಲೋ ಇಟ್ಟು ಎರಡು ಅಡಿಯಾದರೂ ಆಳಕ್ಕೆ ಹೂಳಿ, ಬೇರೆ ಪ್ರಾಣಿಗಳು ಕೆದಕದಂತೆ ಮೇಲೆ ಕಲ್ಲು ಹೇರಿ. ವೈದ್ಯರು ಚುಚ್ಚುಮದ್ದು ಕೊಟ್ಟು ದಯಾಮರಣ ನೀಡಿದ್ದರೆ ಆ ಔಷಧ ದೇಹದಲ್ಲೇ ಉಳಿದು, ಕೆದಕಿ ತಿಂದ ಪ್ರಾಣಿಯನ್ನೂ ಕೊಲ್ಲಬಲ್ಲದು, ಆಗ ದಹನವೇ ಸುರಕ್ಷಿತ. ಗೂಡಿನ ಒಣ ಹಾಸನ್ನು ಗುಡಿಸಬೇಡಿ, ದೂಳಿನೊಂದಿಗೆ ರೋಗಾಣು ಏಳುತ್ತದೆ. ಮೊದಲು ಸೋಂಕುನಿವಾರಕ ಚಿಮುಕಿಸಿ ಒದ್ದೆ ಮಾಡಿ ತೆಗೆಯಿರಿ. ಗೂಡನ್ನು ಅದೇ ದಿನ ಖಾಲಿ ಮಾಡಬೇಕೆಂಬ ನಿಯಮವೇನೂ ಇಲ್ಲ. ಜೊತೆಗಾರ ಇಲ್ಲದಿದ್ದರೆ, ಸೋಂಕಿನ ಭಯವೂ ಇಲ್ಲದಿದ್ದರೆ, ಮುಚ್ಚಿಟ್ಟು ಮನಸ್ಸಾದಾಗ ತೆರೆಯಬಹುದು.

ಹೊಸದನ್ನು ಯಾವಾಗ ತರುವುದು? ಸತ್ತದ್ದು ಒಂಟಿ ಹ್ಯಾಮ್‌ಸ್ಟರ್ ಆಗಿದ್ದರೆ ಅವಸರವೇ ಇಲ್ಲ. ಹೊಸದನ್ನು ಸತ್ತದ್ದರ ಹೆಸರಿನಿಂದ ಕರೆಯಬೇಕೆನಿಸುತ್ತಿದ್ದರೆ ಇನ್ನೂ ಕಾಯುವುದು ಮೇಲು. ಉಳಿದಿರುವುದು ಒಂಟಿ ಗಿನಿಪಿಗ್ ಆಗಿದ್ದರೆ ನಿಮ್ಮ ಮನಸ್ಸು ಸಿದ್ಧವಾಗುವ ಮೊದಲೇ ಅದಕ್ಕೆ ಜೊತೆ ಬೇಕಾಗುತ್ತದೆ. ಇಲ್ಲಿ ಪ್ರಾಣಿಯ ಅಗತ್ಯ ಮುಂದೆ, ನಮ್ಮ ಶೋಕ ಹಿಂದೆ. ಆದರೆ ಸಾವಿನ ಕಾರಣ ಸೋಂಕಲ್ಲ ಎಂದು ವೈದ್ಯರು ಹೇಳುವವರೆಗೆ ಹೊಸ ಪ್ರಾಣಿ ಮನೆಯೊಳಗೆ ಬರಬಾರದು. ಬಂದ ಮೇಲೂ ಎರಡು ವಾರ ಬೇರೆ ಕೋಣೆಯಲ್ಲಿ ಇರಲಿ, ಮೊದಲ ಭೇಟಿ ಇಬ್ಬರಿಗೂ ಪರಿಚಯವಿಲ್ಲದ ಜಾಗದಲ್ಲಿ ನಡೆಯಲಿ. ಜರ್ಬಿಲ್‌ಗಳು ಅಪರಿಚಿತರನ್ನು ಸುಲಭಕ್ಕೆ ಒಪ್ಪುವುದಿಲ್ಲ, ನಡುವೆ ಜಾಲರಿ ಹಾಕಿದ ಗೂಡಿನಲ್ಲಿ ಎರಡೂ ಕಡೆಯ ವಾಸನೆ ಬೆರೆಯುವವರೆಗೆ ದಿನಗಟ್ಟಲೆ ಜಾಗ ಅದಲುಬದಲು ಮಾಡಬೇಕಾಗುತ್ತದೆ. ಮುದಿ ಜರ್ಬಿಲ್ ಒಂದೇ ಉಳಿದಿದ್ದು ಜಗಳದ ಅಪಾಯ ಕಂಡರೆ ಅದನ್ನು ಒಂಟಿಯಾಗಿಯೇ ಬಿಟ್ಟು, ದಿನಕ್ಕೆ ಇನ್ನೊಂದಿಷ್ಟು ಹೊತ್ತು ಅದರೊಂದಿಗೆ ನೀವೇ ಕೂರುವುದು ಉತ್ತಮ.